ಮನೆ ಮಾರಿ ಕ್ಯಾರವಾನ್‌ನಲ್ಲೇ ಇರಬಹುದೇ?

ಪ್ರಶ್ನೆ: ನಿವೃತ್ತಿಯಾಗಿದೆ. ಬಸವೇಶ್ವರನಗರದ ಮನೆ ಮಾರಿ, ಕ್ಯಾರವಾನ್ ಕೊಂಡು ನಾವಿಬ್ಬರೂ ಅದರಲ್ಲೇ ಊರೂರು ಸುತ್ತುತ್ತಾ ಇರಬಹುದೇ?

ಉತ್ತರ: ಸುತ್ತಾಡಿ, ಖಂಡಿತ. ಮನೆ ಮಾತ್ರ ಮಾರಬೇಡಿ.

ಹಳೆಯ ಟೆಂಪೊ ಟ್ರಾವೆಲರ್‌ಗೆ ಮಂಚ, ಒಲೆ, ಸಿಂಕ್ ಕೂರಿಸಿದರೆ ಮುಗಿಯಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗೆ ಹೊಂದದಂತೆ ಮಾರ್ಪಾಡು ಮಾಡುವಂತಿಲ್ಲ. ಗಾಡಿಯನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನೋಂದಣಿ ಮಾಡಿಸಬೇಕು.

ನಿಜವಾದ ಕಷ್ಟ ನೀರಿನದು. ಒಂದು ಬಕೆಟ್ ಸ್ನಾನಕ್ಕೇ 15-20 ಲೀಟರ್ ಬೇಕು. 100 ಲೀಟರಿನ ಟ್ಯಾಂಕ್ ಇಬ್ಬರಿಗೆ ಎರಡು ದಿನ ಬಂದರೆ ಹೆಚ್ಚು. ತುಂಬಿದ ಶೌಚದ ತೊಟ್ಟಿಯನ್ನು ಎಲ್ಲಿ ಖಾಲಿ ಮಾಡುತ್ತೀರಿ? ಚರಂಡಿಗೆ ಸುರಿಯುವುದು ತಪ್ಪು, ಅದಕ್ಕೆಂದೇ ಇರುವ ಜಾಗಗಳು ನಮ್ಮಲ್ಲಿ ಅಪರೂಪ. ನಿಮ್ಮ ಪಕ್ಕದ ವಿಜಯನಗರದ ಕ್ರಾಸ್ ರಸ್ತೆಗಳಲ್ಲಿ ಕಾರು ನಿಲ್ಲಿಸಲೇ ಜಾಗವಿಲ್ಲ, ಇನ್ನು ರಾತ್ರಿಯಿಡೀ ಇಷ್ಟು ದೊಡ್ಡ ಗಾಡಿ ಎಲ್ಲಿ?

ಗ್ಯಾಸ್ ಸಂಪರ್ಕ, ಬ್ಯಾಂಕು, ಆಧಾರ್ ಎಲ್ಲವೂ ವಿಳಾಸ ಕೇಳುತ್ತವೆ. ಮನೆಯಿಲ್ಲದವರೂ ಮತದಾರರಾಗಬಹುದು, ಆದರೆ ಅವರು ಮಲಗುವ ಜಾಗವನ್ನು ಅಧಿಕಾರಿ ರಾತ್ರಿ ಬಂದು ಖಚಿತಪಡಿಸಿಕೊಳ್ಳಬೇಕು. ದಿನಕ್ಕೊಂದು ಊರಿನಲ್ಲಿರುವವರಿಗೆ ಅದೂ ಕಷ್ಟ.

ಮನೆ ಬಾಡಿಗೆಗೆ ಕೊಡಿ, ಒಂದು ಕೋಣೆಯನ್ನು ನಿಮಗೇ ಇಟ್ಟುಕೊಳ್ಳಿ. ಮೊದಲು ಬಾಡಿಗೆ ಕ್ಯಾರವಾನ್‌ನಲ್ಲಿ ಒಂದು ಮಳೆಗಾಲ ಕಳೆದು ನೋಡಿ.