ಕಾಗದದ ನಕ್ಷೆ ಮೊಬೈಲಿಗೆ ಬರುವಾಗ ಊರಿನ ಹೆಸರೂ ಬರಲಿ

ಅಮರಾಪುರ: ಮೊಬೈಲ್ ನಕ್ಷೆಗಳಲ್ಲಿ ನಮ್ಮ ಅಮರಾಪುರವು ಸಾಮಾನ್ಯವಾಗಿ 'ಅಮರಾಪುರಂ', ರಾಯದುರ್ಗವು 'ರಾಯದುರ್ಗಂ'. ರಾಜ್ಯದ ಆಡಳಿತ ಭಾಷೆ ತೆಲುಗು ಆಗಿರುವುದರಿಂದ ಇದು ಸಹಜ, ದೂರಬೇಕಾದ ಸಂಗತಿಯಲ್ಲ. ಆದರೆ ಕನ್ನಡ ಮಾಧ್ಯಮದ ಮಗುವಿಗೆ ತನ್ನ ಊರಿನ ಹೆಸರು ತನ್ನ ಲಿಪಿಯಲ್ಲಿಯೂ ಕಾಣಬೇಕು. ಇದು ಅಭಿಮಾನದ ಮಾತು ಮಾತ್ರವಲ್ಲ. ರಾತ್ರಿ ವೇಳೆ ಆಂಬುಲೆನ್ಸ್ ಕರೆದಾಗ ನಾವು ಹೇಳುವ ಹೆಸರನ್ನೇ ಚಾಲಕನ ಫೋನು ಗುರುತಿಸದಿದ್ದರೆ ನಷ್ಟವಾಗುವುದು ಸಮಯ.

ಕೆರೆ, ಕುಂಟೆ, ಗುಡ್ಡ, ಕಾಲುದಾರಿಗಳು ಸರ್ವೆ ಆಫ್ ಇಂಡಿಯಾದ ಸ್ಥಳಾಕೃತಿ ನಕ್ಷೆಗಳಲ್ಲಿ ವಿವರವಾಗಿ ದಾಖಲಾಗಿವೆ. ಇವುಗಳನ್ನು ಜಿಪಿಎಸ್‌ಗೆ ಒಗ್ಗಿಸುವ ಕೆಲಸವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಮಾಡಬಲ್ಲರು ಎಂಬುದು ನಮ್ಮ ಅಭಿಪ್ರಾಯ.

ಫೋಟೋ ತೆಗೆದ ಮಾತ್ರಕ್ಕೆ ನಕ್ಷೆಯು ಡಿಜಿಟಲ್ ಆಗುವುದಿಲ್ಲ. ಫೋನಿನ ಜಿಪಿಎಸ್ ತಿಳಿಸುವುದು ಅಕ್ಷಾಂಶ ಮತ್ತು ರೇಖಾಂಶಗಳನ್ನು ಮಾತ್ರ. ಚಿತ್ರದ ಯಾವ ಬಿಂದು ಭೂಮಿಯ ಯಾವ ಬಿಂದುವೆಂದು ನಾವೇ ಕಲಿಸಿಕೊಡಬೇಕು. ಹಾಳೆಯನ್ನು ಸಮತಟ್ಟಾಗಿ ಇಟ್ಟು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ, 1:50,000 ಪ್ರಮಾಣದ ನಕ್ಷೆಯಲ್ಲಿ ಒಂದು ಪಿಕ್ಸೆಲ್ ಸುಮಾರು 4 ಮೀಟರ್ ನೆಲಕ್ಕೆ ಸಮ. ಅಂತಹ ಒಂದು ಹಾಳೆಯು 15 ಮಿನಿಟ್ ಅಕ್ಷಾಂಶ, 15 ಮಿನಿಟ್ ರೇಖಾಂಶವನ್ನು ಒಳಗೊಂಡಿರುತ್ತದೆ. (14ನೆಯ ಅಕ್ಷಾಂಶವು ಅಮರಾಪುರಕ್ಕೂ ಮಡಕಶಿರಾಕ್ಕೂ ನಡುವೆ ಹಾದುಹೋಗುವುದರಿಂದ ಇವೆರಡೂ ಒಂದೇ ಹಾಳೆಯಲ್ಲಿ ಸಿಗುವುದಿಲ್ಲ.) ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ನಾಲ್ಕು ಮೂಲೆಗಳನ್ನೂ ಒಳಗಿನ ಗೆರೆಗಳು ಕೂಡುವ ಕೆಲವು ಬಿಂದುಗಳನ್ನೂ ಗುರುತಿಸಿ, ಅಂಚಿನಲ್ಲಿ ಮುದ್ರಿತವಾದ ಅಂಕಿಗಳನ್ನು ನಮೂದಿಸಬೇಕು. ಹಳೆಯ ಕಾಗದ ಸುಕ್ಕುಗಟ್ಟಿ ಕುಗ್ಗಿರುವುದರಿಂದ ಮೂಲೆಗಳಷ್ಟೇ ಸಾಲವು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಹಳೆಯ ಹಾಳೆಗಳ ಲೆಕ್ಕವು 1830ರ ಎವರೆಸ್ಟ್ ಭೂಗೋಲ ಮಾದರಿಯದು. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್ 84. ಈ ವ್ಯತ್ಯಾಸವನ್ನು ತಂತ್ರಾಂಶಕ್ಕೆ ತಿಳಿಸದಿದ್ದರೆ ನಮ್ಮ ಭಾಗದಲ್ಲಿ ಎಲ್ಲವೂ ನೂರು ಮೀಟರಿಗಿಂತ ಹೆಚ್ಚು ಸರಿಯುತ್ತವೆ. ದೇವಸ್ಥಾನವು ಹೊಲದಲ್ಲಿಯೂ ಬಾವಿಯು ರಸ್ತೆಯಲ್ಲಿಯೂ ಕಂಡರೆ ಅಚ್ಚರಿಪಡಬೇಕಿಲ್ಲ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಬಂದ ಮುಕ್ತ ಶ್ರೇಣಿಯ ಹಾಳೆಗಳು ಡಬ್ಲ್ಯುಜಿಎಸ್ 84ರಲ್ಲಿಯೇ ಇವೆ; ಆರಂಭಿಸುವವರು ಅವನ್ನೇ ಆರಿಸಿಕೊಳ್ಳುವುದು ಒಳಿತು.

ಸಿದ್ಧವಾದ ನಕ್ಷೆಯನ್ನು ಕ್ಯೂಫೀಲ್ಡ್ ಎಂಬ ಆ್ಯಪ್‌ಗೆ ಸೇರಿಸಿದರೆ, ನೆಟ್‌ವರ್ಕ್ ಇಲ್ಲದ ಕಡೆಯೂ ನಾವು ನಿಂತ ಜಾಗ ಕಾಣಿಸುತ್ತದೆ. ಪರೀಕ್ಷಿಸಲು ಕೆರೆಯ ಅಂಚನ್ನು ನಂಬಬಾರದು, ಅದು ನೀರಿನೊಡನೆ ಹಿಂದೆ ಮುಂದೆ ಸರಿಯುತ್ತದೆ. ಏರಿಯ ತುದಿ, ಕೋಡಿ, ಹಳೆಯ ಗುಡಿ, ಮೂರು ಗ್ರಾಮಗಳ ಗಡಿಗಲ್ಲು ಇವು ವಿಶ್ವಾಸಾರ್ಹ.

ಹೆಸರಿನ ಕೆಲಸ ಶುರುವಾಗುವುದು ಇದರ ನಂತರವೇ. ಇಂಗ್ಲಿಷ್ ಅಕ್ಷರದಲ್ಲಿ ಮುದ್ರಿತವಾದ ಹೆಸರು ಹಳ್ಳಿಯೋ ಪಲ್ಲಿಯೋ, ಳ-ಲ, ಣ-ನಗಳಲ್ಲಿ ಯಾವುದೋ ಎಂಬುದನ್ನು ತಂತ್ರಾಂಶ ಹೇಳಲಾರದು. ಅಜ್ಜ ಅಜ್ಜಿಯರು ಹೇಳಬಲ್ಲರು. ಶಾಸನಗಳೂ ನೆರವಾಗುತ್ತವೆ. ನಮ್ಮ ಮಂಡಲದ ಹೇಮಾವತಿಯು ನೊಳಂಬರ ರಾಜಧಾನಿಯಾಗಿದ್ದಾಗ ಹೆಂಜೇರು ಎನಿಸಿತ್ತು. ಆ ಹೆಸರು ಇಂದು ಎಷ್ಟು ಮಕ್ಕಳಿಗೆ ಗೊತ್ತು?

ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆಯಲ್ಲಿ ಒಂದೇ ಊರಿಗೆ ತೆಲುಗು, ಕನ್ನಡ, ಇಂಗ್ಲಿಷ್ ಹೆಸರುಗಳಿಗೆ ಪ್ರತ್ಯೇಕ ಸ್ಥಳವಿದೆ, ಹಳೆಯ ಹೆಸರಿಗೂ ಇದೆ. ತೆಲುಗು ಹೆಸರನ್ನು ಅಳಿಸದೆ ಕನ್ನಡ ಹೆಸರನ್ನು ಸೇರಿಸಬಹುದು, ಅಳಿಸಲೂಬಾರದು. ಹಾಗೆ ಸೇರಿಸಿದರೆ ಓಎಸ್‌ಎಂಆ್ಯಂಡ್‌ನಂತಹ ದಾರಿ ತೋರುವ ಆ್ಯಪ್‌ಗಳಲ್ಲಿ ನಕ್ಷೆಯ ಭಾಷೆಯನ್ನು ಕನ್ನಡಕ್ಕೆ ಬದಲಿಸಿದಾಗ ಅದು ತೋರುತ್ತದೆ. ಆದರೆ ಹಕ್ಕುಸ್ವಾಮ್ಯವುಳ್ಳ ನಕ್ಷೆಯಿಂದ ನಕಲು ಮಾಡುವಂತಿಲ್ಲ. ಭಾರತದಲ್ಲಿ ಸರ್ಕಾರಿ ಪ್ರಕಟಣೆಗಳ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷಗಳವರೆಗೆ ಇರುತ್ತದೆ. ಅದಕ್ಕಿಂತ ಹಳೆಯ ಹಾಳೆ, ಇಲ್ಲವೇ ಊರಿಗೆ ಹೋಗಿ ಕೇಳಿ ಬರೆದುಕೊಂಡ ಹೆಸರು ನಮ್ಮ ಆಧಾರವಾಗಬೇಕು. ಕೇಳಿ ಬರೆದುಕೊಳ್ಳುವಾಗ ಹೆಸರಿನ ಜೊತೆಗೆ ಫೋನಿನಲ್ಲಿ ಕಾಣುವ ಅಕ್ಷಾಂಶ, ರೇಖಾಂಶಗಳನ್ನು ದಶಮಾಂಶದ ಐದು ಸ್ಥಾನಗಳವರೆಗೆ ನೋಟ್ ಪುಸ್ತಕದಲ್ಲಿ ಗುರುತಿಸಿಕೊಳ್ಳುವಂತೆ ಮಕ್ಕಳಿಗೆ ತಿಳಿಸಿರಿ. ಐದನೆಯ ಸ್ಥಾನವೆಂದರೆ ಸುಮಾರು ಒಂದು ಮೀಟರ್.