ಕ್ರೀಡಾಪಟುಗಳ ಮೊಣಕೈ ನೋವು: ಪತ್ತೆ ಮತ್ತು ಚಿಕಿತ್ಸೆ

ನಿಮ್ಮ ಬಲಗೈ ಮಡಚಿ, ಎಡಗೈ ಬೆರಳುಗಳಿಂದ ಮೊಣಕೈಯ ಎರಡೂ ಬದಿಗಳನ್ನು ಮುಟ್ಟಿ ನೋಡಿ. ಹೊರಬದಿಗೊಂದು, ಒಳಬದಿಗೊಂದು ಮೂಳೆಯ ಉಬ್ಬು ಸಿಗುತ್ತದೆ. ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳು ಹೊರಗಿನ ಉಬ್ಬಿಗೂ, ಕೆಳಕ್ಕೆ ಬಾಗಿಸುವ ಸ್ನಾಯುಗಳು ಒಳಗಿನ ಉಬ್ಬಿಗೂ ಗಟ್ಟಿ ಸ್ನಾಯುರಜ್ಜುಗಳಿಂದ ಅಂಟಿಕೊಂಡಿವೆ. ಆಟಗಾರರ ಮೊಣಕೈ ನೋವು ಹೆಚ್ಚಾಗಿ ಶುರುವಾಗುವುದು ಇಲ್ಲಿಯೇ.

ಬಿದ್ದು ಕೈ ಮುರಿದರೆ ಆ ಕ್ಷಣವೇ ತಿಳಿಯುತ್ತದೆ. ಅತಿಬಳಕೆಯ ಗಾಯ ಹಾಗಲ್ಲ. ಒಂದೇ ಚಲನೆಯನ್ನು ದಿನವೂ ನೂರಾರು ಸಲ ಮಾಡಿದಾಗ ರಜ್ಜುವಿನ ಎಳೆಗಳು ಸ್ವಲ್ಪಸ್ವಲ್ಪವಾಗಿ ಸವೆಯುತ್ತವೆ. ಬಿಡುವು ಸಿಕ್ಕರೆ ದೇಹವೇ ಅದನ್ನು ಸರಿಪಡಿಸಿಕೊಳ್ಳುತ್ತದೆ. ಸಿಗದಿದ್ದರೆ ಸವೆತ ಮುಂದುವರಿಯುತ್ತದೆ. ಹೊರಬದಿಯ ಈ ನೋವನ್ನು ಟೆನಿಸ್ ಎಲ್ಬೊ, ಒಳಬದಿಯದನ್ನು ಗಾಲ್ಫರ್ಸ್ ಎಲ್ಬೊ ಎನ್ನುತ್ತಾರೆ. ಹೆಸರು ಆಟದ್ದಾದರೂ ಕಂಪ್ಲಿಯ ಕಡೆ ಕಬ್ಬು ಕಡಿಯುವವರಿಗೂ, ಸುತ್ತಿಗೆ ಹಿಡಿದು ಕಲ್ಲು ಕೆಲಸ ಮಾಡುವವರಿಗೂ ಇದು ಬರಬಹುದು.

ಎಸೆತಗಾರರಿಗೆ ಇನ್ನೊಂದು ಅಪಾಯವಿದೆ. ಜಾವೆಲಿನ್ ಎಸೆಯುವಾಗ ಮೊಣಕೈ ರಭಸದಿಂದ ನೆಟ್ಟಗಾಗುತ್ತದೆ. ಒಳಬದಿಯ ಅಸ್ಥಿರಜ್ಜು ಜಗ್ಗುತ್ತದೆ, ಹಿಂಬದಿಯಲ್ಲಿ ಮೂಳೆಗೆ ಮೂಳೆ ತಾಗುತ್ತದೆ. ವರ್ಷಗಳು ಕಳೆದಂತೆ ಮೂಳೆಯ ಚೂರುಗಳು ಕೀಲಿನೊಳಗೆ ಸೇರಬಹುದು. ನೀರಜ್ ಚೋಪ್ರಾ ಅವರ ಬಲ ಮೊಣಕೈಯಿಂದ ಇಂಥ ಚೂರುಗಳನ್ನು 2019ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ಅವರ ಕೈತಪ್ಪಿತು. ಚೇತರಿಕೆಯ ಒಂದು ಭಾಗ ನಡೆದದ್ದು ನಮ್ಮ ಸಂಡೂರು ತಾಲ್ಲೂಕಿನಲ್ಲೇ, ತೋರಣಗಲ್ಲು ಬಳಿಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಸಂಸ್ಥೆಯಲ್ಲಿ. 2020ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ 87.86 ಮೀಟರ್ ಎಸೆದು ಅವರು ಒಲಿಂಪಿಕ್ಸ್‌ಗೆ ಅರ್ಹತೆ ಪಡೆದರು. 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ 87.58 ಮೀಟರ್ ದೂರಕ್ಕೆ ಚಿನ್ನ ಗೆದ್ದರು. ಶಸ್ತ್ರಚಿಕಿತ್ಸೆಯಿಂದ ಮತ್ತೆ ಕಣಕ್ಕಿಳಿಯುವವರೆಗೆ ಸುಮಾರು ಒಂಬತ್ತು ತಿಂಗಳು ಬೇಕಾಯಿತು ಎಂಬುದನ್ನು ಗಮನಿಸಿ.

ವೈದ್ಯರು ಇದನ್ನು ಪತ್ತೆ ಮಾಡುವುದು ಹೇಗೆ? ಮೊದಲ ಸಾಧನ ಯಂತ್ರವಲ್ಲ, ನಿಮ್ಮ ಮಾತು. ನೋವು ಯಾವ ಬದಿಗೆ? ದಿನಕ್ಕೆ ಎಷ್ಟು ಎಸೆತ? ಇತ್ತೀಚೆಗೆ ಅಭ್ಯಾಸ ಹೆಚ್ಚಾಯಿತೆ? ಬಳಿಕ ಅಂಗೈ ಕೆಳಮುಖವಾಗಿಸಿ ಮಣಿಕಟ್ಟನ್ನು ಮೇಲೆತ್ತಲು ಹೇಳಿ, ಅದನ್ನು ಒತ್ತಿ ತಡೆಯುತ್ತಾರೆ. ಹೊರ ಉಬ್ಬಿನಲ್ಲಿ ನೋವು ಎದ್ದರೆ ಟೆನಿಸ್ ಎಲ್ಬೊ ಇರುವ ಸಂಭವ ಹೆಚ್ಚು. ಕೈ ನಡುವೆ ಸಿಕ್ಕಿಕೊಂಡಂತಾದರೆ ಮೂಳೆಚೂರಿನ ಅನುಮಾನ, ಎಕ್ಸ್-ರೇ ಬೇಕು. ಕಿರುಬೆರಳು, ಉಂಗುರ ಬೆರಳು ಜೋಮುಗಟ್ಟಿದರೆ ನರಕ್ಕೆ ಒತ್ತಡ ಬಿದ್ದಿರಬಹುದು. ಅಸ್ಥಿರಜ್ಜು ಹರಿದ ಶಂಕೆಯಿದ್ದರೆ ಎಂ.ಆರ್.ಐ. ಮಾಡಿಸುತ್ತಾರೆ.

ಚಿಕಿತ್ಸೆಯ ಮೊದಲ ಹೆಜ್ಜೆ ಹೊರೆ ಇಳಿಸುವುದು. ಆಟವನ್ನೇ ಬಿಡಬೇಕೆಂದಲ್ಲ, ಎಸೆತ ನಿಲ್ಲಿಸಿ ಓಟ, ಕಾಲಿನ ವ್ಯಾಯಾಮ ಮುಂದುವರಿಸಬಹುದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಟ್ಟರೆ ನೋವು ತಗ್ಗುತ್ತದೆ. ಆಮೇಲೆ ಫಿಸಿಯೋಥೆರಪಿ: ಹಗುರ ತೂಕ ಹಿಡಿದು ಮಣಿಕಟ್ಟನ್ನು ನಿಧಾನವಾಗಿ ಇಳಿಸುವ ವ್ಯಾಯಾಮ, ವಾರದಿಂದ ವಾರಕ್ಕೆ ಸ್ವಲ್ಪ ಹೆಚ್ಚು. ಟೆನಿಸ್ ಎಲ್ಬೊ ಬಹುತೇಕರಿಗೆ ಶಸ್ತ್ರಚಿಕಿತ್ಸೆ ಇಲ್ಲದೆ, ತಿಂಗಳುಗಳಲ್ಲಿ ವಾಸಿಯಾಗುತ್ತದೆ. ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರ ನೋವು ತಗ್ಗಿಸಿದರೂ ನೋವು ಮರಳುವುದು ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಉಳುಕು ತೆಗೆಸಲೆಂದು ಕೈ ಎಳೆಸಬೇಡಿ.

ಹೈಸ್ಕೂಲಿನವರು ಇನ್ನೂ ಎಚ್ಚರವಾಗಿರಬೇಕು. ನಿಮ್ಮ ಮೊಣಕೈಯಲ್ಲಿ ಮೂಳೆ ಬೆಳೆಯುವ ಜಾಗ ಇನ್ನೂ ಮೆದು ಎಲುಬಿನದು. ಅದು ರಜ್ಜುವಿಗಿಂತ ದುರ್ಬಲ. ದೊಡ್ಡವರಲ್ಲಿ ರಜ್ಜು ಸವೆಯುವಷ್ಟು ಹೊರೆಗೆ ನಿಮ್ಮಲ್ಲಿ ಮೂಳೆಯೇ ಬಿರುಕು ಬಿಡಬಹುದು. ತಾಲ್ಲೂಕು ಕ್ರೀಡಾಕೂಟ ಹತ್ತಿರ ಬಂತೆಂದು, ತಂಡದಿಂದ ಕೈಬಿಟ್ಟಾರೆಂದು ನೋವು ಮುಚ್ಚಿಡುವವರು ಬಹಳ. ಒಂದು ಕೂಟ ತಪ್ಪಿದರೆ ಮುಂದಿನ ವರ್ಷ ಇನ್ನೊಂದು ಬರುತ್ತದೆ. ಎಸೆದ ಮರುದಿನವೂ ನೋವು ಉಳಿದರೆ, ಕೈ ಪೂರ್ತಿ ಚಾಚಲಾಗದಿದ್ದರೆ, ದೈಹಿಕ ಶಿಕ್ಷಕರಿಗೂ ಮನೆಯವರಿಗೂ ಅಂದೇ ಹೇಳಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮೂಳೆ ವೈದ್ಯರಿಗೆ ತೋರಿಸಿ. ಹೋಗುವಾಗ ಕಳೆದ ಹದಿನೈದು ದಿನ ಎಷ್ಟೆಷ್ಟು ಎಸೆದಿರೆಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.