ಫಿಟ್ಸ್ ನಿಂತಿತು ಅಂತ ಎದ್ದು ಹೋಗಬೇಡಿ, ಉಸಿರಾಟ ನೋಡಿ

ಸಂತೆ ದಿನ. ಅಂಗಡಿ ಮುಂದೆ ನಿಂತಿದ್ದ ಗಿರಾಕಿಯೊಬ್ಬರು ಇದ್ದಕ್ಕಿದ್ದಂತೆ ಕುಸಿದು ಬೀಳುತ್ತಾರೆ. ಕೈಕಾಲು ಸೆಟೆದು ಅದುರುತ್ತವೆ, ಬಾಯಲ್ಲಿ ನೊರೆ. ‘ಕೈಗೆ ಕಬ್ಬಿಣ ಕೊಡ್ರೀ’ ಅಂತ ಯಾರೋ ಕೂಗುತ್ತಾರೆ, ಅಂಗಡಿಯವರು ಬೀಗದ ಕೈ ಹಿಡಿಸುತ್ತಾರೆ. ಎರಡು ನಿಮಿಷದಲ್ಲಿ ಅದುರು ನಿಲ್ಲುತ್ತದೆ. ‘ಸರಿ ಹೋಯ್ತು ಬಿಡಿ’ ಅಂತ ಜನ ಚದುರುತ್ತಾರೆ.

ಫಿಟ್ಸ್ ನಿಂತಿದ್ದು ಕಬ್ಬಿಣದಿಂದಲ್ಲ. ಬಹುತೇಕ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಜನ ಚದುರುವ ಆ ಹೊತ್ತಿನಲ್ಲೇ ರೋಗಿಯ ಉಸಿರಾಟದ ಮೇಲೆ ಕಣ್ಣಿಡಬೇಕು.

ಆಮ್ಲಜನಕ ಯಾಕೆ ಇಳಿಯುತ್ತದೆ?

ಮೈಯೆಲ್ಲ ಸೆಟೆದಾಗ ಎದೆಯ ಸ್ನಾಯುಗಳೂ ಬಿಗಿಯುತ್ತವೆ. ಸ್ವಲ್ಪ ಹೊತ್ತು ಉಸಿರೇ ಆಡುವುದಿಲ್ಲ. ಅತ್ತ ಅದುರುತ್ತಿರುವ ಕೈಕಾಲು ಆಮ್ಲಜನಕವನ್ನು ಹೆಚ್ಚು ಬಳಸುತ್ತವೆ. ತುಟಿ ನೀಲಿಯಾಗುವುದು ಇದರಿಂದ. ಅದುರು ನಿಂತ ಮೇಲೂ ಮಿದುಳು ಮಂಕಾಗಿರುತ್ತದೆ. ಅಂಗಾತ ಮಲಗಿದ್ದರೆ ನಾಲಿಗೆ ಹಿಂದಕ್ಕೆ ಜಾರಿ, ಜೊಲ್ಲು ಗಂಟಲಲ್ಲಿ ನಿಂತು ಉಸಿರಿಗೆ ಅಡ್ಡವಾಗಬಹುದು.

ಆರೋಗ್ಯವಂತರಲ್ಲಿ ಆಮ್ಲಜನಕದ ಮಟ್ಟ ಸಾಮಾನ್ಯವಾಗಿ ಶೇ 95ರಿಂದ 100. ಇಂಥ ದೊಡ್ಡ ಫಿಟ್ಸ್‌ನಲ್ಲಿ ಅದು 90ಕ್ಕಿಂತ ಕೆಳಗೆ ಇಳಿಯುವುದುಂಟು. ಹೆಚ್ಚಿನವರಲ್ಲಿ ಕೆಲವೇ ನಿಮಿಷದಲ್ಲಿ ಮತ್ತೆ ಏರುತ್ತದೆ.

ಅಪರೂಪಕ್ಕೆ ಕೆಲವರಲ್ಲಿ ಏರುವುದಿಲ್ಲ. ಮೂರ್ಛೆ ರೋಗ ಇರುವ ವಯಸ್ಕರಲ್ಲಿ ವರ್ಷಕ್ಕೆ ಸುಮಾರು 1,000ಕ್ಕೆ ಒಬ್ಬರು ಹಠಾತ್ತನೆ ಸಾಯುತ್ತಾರೆ. ಹೆಚ್ಚಿನವರು ರಾತ್ರಿ, ಯಾರೂ ನೋಡದ ಹೊತ್ತಿನಲ್ಲಿ, ಬೋರಲು ಮಲಗಿದ್ದಾಗ. ಆಸ್ಪತ್ರೆಯ ನಿಗಾದಲ್ಲಿದ್ದಾಗಲೇ ಹೀಗೆ ಸತ್ತವರ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಫಿಟ್ಸ್ ನಿಂತ ಮೂರು ನಿಮಿಷದೊಳಗೇ ಅವರ ಉಸಿರಾಟ ಮತ್ತು ಹೃದಯ ಬಡಿತ ಕೆಟ್ಟಿತ್ತು.

ಏನು ಮಾಡಬೇಕು?

- ಗಡಿಯಾರ ನೋಡಿ. ಸುತ್ತಲಿನ ಚೂಪಾದ ವಸ್ತು ಸರಿಸಿ, ತಲೆ ಕೆಳಗೆ ಟವೆಲ್ ಇಡಿ. ಕೈಕಾಲು ಅದುಮಿ ಹಿಡಿಯಬೇಡಿ.
- ಬಾಯಿಗೆ ಚಮಚ, ಬಟ್ಟೆ, ನೀರು, ಸೋಡಾ ಏನೂ ಹಾಕಬೇಡಿ. ಈರುಳ್ಳಿ, ಚಪ್ಪಲಿ ಮೂಸಿಸುವುದರಿಂದ ಪ್ರಯೋಜನವಿಲ್ಲ.
- ಅದುರು ನಿಂತ ಕೂಡಲೇ ಒಂದು ಮಗ್ಗುಲಿಗೆ ತಿರುಗಿಸಿ. ಗದ್ದ ಸ್ವಲ್ಪ ಮೇಲಿರಲಿ, ಜೊಲ್ಲು ಹೊರಗೆ ಹರಿಯಲಿ.
- ಎದೆ ಏರಿಳಿಯುತ್ತಿದೆಯೇ, ತುಟಿಯ ಬಣ್ಣ ಮರಳುತ್ತಿದೆಯೇ ನೋಡಿ. ಹೆಗಲು ತಟ್ಟಿ ಮಾತಾಡಿಸಿ. ಪೂರ್ತಿ ಎಚ್ಚರವಾಗುವವರೆಗೆ ಒಬ್ಬರಾದರೂ ಪಕ್ಕದಲ್ಲೇ ಇರಿ.

ಫಿಟ್ಸ್ 5 ನಿಮಿಷ ದಾಟಿದರೆ, ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, ನಿಂತ ಮೇಲೂ ತುಟಿ ನೀಲಿಯಾಗಿಯೇ ಇದ್ದರೆ ತಕ್ಷಣ 108ಕ್ಕೆ ಕರೆ ಮಾಡಿ. ಗರ್ಭಿಣಿಯರಿಗೆ ಬಂದಾಗ, ಮೊದಲ ಸಲ ಬಂದಾಗ, ಬಿದ್ದು ತಲೆಗೆ ಪೆಟ್ಟಾದಾಗಲೂ ಕಾಯಬೇಡಿ. ಉಸಿರಾಟವೇ ಇಲ್ಲದಿದ್ದರೆ 108ಕ್ಕೆ ಹೇಳಿ, ಅಂಗಾತ ಮಲಗಿಸಿ ಎದೆ ಒತ್ತಲು (ಸಿಪಿಆರ್) ಶುರು ಮಾಡಿ.

ಕೋವಿಡ್ ಕಾಲದ ಆಕ್ಸಿಮೀಟರ್ ಇದೆಯಾ?

ಬೆರಳಿಗೆ ಸಿಕ್ಕಿಸುವ ಆ ಯಂತ್ರ ಮನೆಯಲ್ಲಿದ್ದರೆ ಈಗಲೂ ಉಪಯೋಗ. ಆದರೆ ಕೈ ಅದುರುವಾಗ ಬರುವ ಅಂಕಿ ನಂಬುವಂತಿಲ್ಲ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಹಚ್ಚಿದ್ದರೆ ಲೆಕ್ಕ ತಪ್ಪಬಹುದು. ಅದುರು ನಿಂತ ಮೇಲೆ ಹಾಕಿ. ಕೆಲವು ನಿಮಿಷ ಕಳೆದರೂ 90 ದಾಟದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಉಸಿರಾಟ ಸರಿಯಿಲ್ಲ ಅಂತ ಕಣ್ಣಿಗೇ ಕಂಡರೆ ಯಂತ್ರ ಹುಡುಕುತ್ತಾ ಕೂರಬೇಡಿ.

ಮಾತ್ರೆ ತಪ್ಪಿಸಬೇಡಿ

ಫಿಟ್ಸ್ ಬರದಂತೆ ನೋಡಿಕೊಂಡರೆ ಆಮ್ಲಜನಕ ಇಳಿಯುವ ಪ್ರಶ್ನೆಯೇ ಇಲ್ಲ. ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ನಡೆದು, 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ತೋರಿಸಿತು: ಕಡಿಮೆ ಬೆಲೆಯ ಮಾತ್ರೆಗಳಿಂದಲೇ ಹಳ್ಳಿಗಳಲ್ಲಿ ಬಹಳ ಮಂದಿಯ ಫಿಟ್ಸ್ ಹತೋಟಿಗೆ ತರಬಹುದು. ಜಾತ್ರೆ, ಮದುವೆ, ಉಪವಾಸ ಅಂತ ಮಾತ್ರೆ ಬಿಡಬೇಡಿ. ‘ಆರು ತಿಂಗಳಿಂದ ಬಂದಿಲ್ಲ’ ಅಂತ ವೈದ್ಯರನ್ನು ಕೇಳದೆ ನಿಲ್ಲಿಸಲೂಬೇಡಿ.